ಗಾಡಿಯ ವೈರಿಂಗ್‌ಗೆ ಬಟ್ಟೆ ಟೇಪ್ ಸುತ್ತುವುದು ಹೇಗೆ?

ಹತ್ತು ಹನ್ನೆರಡು ವರ್ಷ ಓಡಿದ ಬೈಕಿನ ಟ್ಯಾಂಕ್ ಬಿಚ್ಚಿ, ಕೆಳಗಿನ ವೈರಿಂಗ್ ಮುಟ್ಟಿ ನೋಡಿ. ಬೆರಳಿಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ. ಯಾರೋ ಯಾವಾಗಲೋ ಹಾರ್ನ್ ರಿಪೇರಿ ಮಾಡುವಾಗ ಸುತ್ತಿದ ಇನ್ಸುಲೇಷನ್ ಟೇಪ್ ಅದು. ಒಂದು ತುದಿ ಬಿಚ್ಚಿ ಜೋತಾಡುತ್ತಿರುತ್ತದೆ. ಉಳಿದದ್ದು ಜಾರಿ ಪಕ್ಕಕ್ಕೆ ಸರಿದಿರುತ್ತದೆ. ಅಂಟಿನ ತುಂಬಾ ಧೂಳು.

ಈಗ ಹೊಸ ಕಾಲದ ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ. ಅಲ್ಲಿನ ವೈರುಗಳ ಕಟ್ಟಿಗೆ ಸುತ್ತಿರುವುದು ಸಾಮಾನ್ಯವಾಗಿ ಬೇರೆಯೇ ಜಾತಿಯ ಟೇಪ್. ಮುಟ್ಟಿದರೆ ಬಟ್ಟೆ ಮುಟ್ಟಿದ ಹಾಗೆ. ಅಂಟು ಹೊರಗೆ ಬಂದಿರುವುದಿಲ್ಲ. ಅದೇ ಟೇಪ್ ಈಗ ಚಿಲ್ಲರೆ ರೋಲಿನಲ್ಲೂ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ, ಗಾಡಿ ಬಿಡಿಭಾಗ ಮಾರುವ ಕಡೆ ಕೇಳಿ, ಇಲ್ಲ ಆನ್‌ಲೈನ್‌ನಲ್ಲಿ ತರಿಸಿ. ಸುತ್ತುವುದು ಕಷ್ಟದ ಕೆಲಸವೇನಲ್ಲ. ಆದರೆ ಈ ಟೇಪ್ ಯಾವುದಕ್ಕೆ, ಯಾವುದಕ್ಕಲ್ಲ ಅನ್ನೋದು ಮೊದಲು ಗೊತ್ತಿರಬೇಕು.

ಇದು ಕರೆಂಟ್ ತಡೆಯುವ ಟೇಪ್ ಅಲ್ಲ

ಬಟ್ಟೆ ಟೇಪ್‌ನ ಕೆಲಸ ಮೂರು. ವೈರುಗಳನ್ನು ಒಂದೇ ಕಟ್ಟಾಗಿ ಹಿಡಿಯುವುದು, ಅವು ಬಾಡಿಗೆ ಉಜ್ಜಿ ಸವೆಯದಂತೆ ನೋಡಿಕೊಳ್ಳುವುದು, ಕಟಕಟ ಸದ್ದು ತಗ್ಗಿಸುವುದು. ಬರಿ ತಾಮ್ರ ಕಾಣುವ ಜಾಯಿಂಟ್ ಮೇಲೆ ಇದನ್ನೇ ನೇರವಾಗಿ ಸುತ್ತಿಬಿಟ್ಟರೆ ತಪ್ಪಾಗುತ್ತದೆ. ಇದು ನೇಯ್ಗೆ. ಎಳೆಗಳ ನಡುವೆ ನೀರು ಇಳಿಯುತ್ತದೆ. ಜಾಯಿಂಟ್‌ಗೆ ಮೊದಲು ಬೆಸುಗೆ ಅಥವಾ ಕ್ರಿಂಪ್ (ಲೋಹದ ತುಂಡಿನೊಳಗೆ ವೈರ್ ಇಟ್ಟು ಒತ್ತಿ ಬಿಗಿಯುವುದು), ಅದರ ಮೇಲೆ ಬಿಸಿಗೆ ಕುಗ್ಗುವ ಸ್ಲೀವ್, ಅಂದರೆ ಪ್ಲಾಸ್ಟಿಕ್ ಕೊಳವೆ. ಬಟ್ಟೆ ಟೇಪ್ ಎಲ್ಲದಕ್ಕಿಂತ ಮೇಲಿನ ಹೊದಿಕೆ, ಅಷ್ಟೇ.

ಹಾಗಾದರೆ ಇನ್ಸುಲೇಷನ್ ಟೇಪ್ ಕೆಟ್ಟದ್ದಾ? ಅಲ್ಲ. ಮನೆಯ ಸ್ವಿಚ್ ಬೋರ್ಡ್ ಒಳಗೆ ಅದು ವರ್ಷಗಟ್ಟಲೆ ಬಾಳುತ್ತದೆ. ಅದು ಪಿವಿಸಿ ಪ್ಲಾಸ್ಟಿಕ್. ಮೆತ್ತಗೆ ಇರಲಿ ಎಂದು ಅದಕ್ಕೆ ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ಬಾನೆಟ್ ಕೆಳಗಿನ ಕಾವಿಗೆ ಆ ಪದಾರ್ಥ ನಿಧಾನವಾಗಿ ಅಂಟಿನೊಳಗೆ ಇಳಿಯುತ್ತದೆ. ಅಂಟು ಗೊಜ್ಜಾಗುತ್ತದೆ, ಟೇಪ್ ಗಟ್ಟಿಯಾಗಿ ಕುಗ್ಗುತ್ತದೆ. ಬಟ್ಟೆ ಟೇಪ್ ಪಾಲಿಯೆಸ್ಟರ್ ನೂಲಿನದು, ಒಳ್ಳೆಯದಾದರೆ ಅಂಟು ಅಕ್ರಿಲಿಕ್. ಅದಕ್ಕೆ ಈ ಕಾಯಿಲೆ ಇಲ್ಲ.

ಯಾವುದನ್ನು ಕೊಳ್ಳಬೇಕು

ಅಂಗಡಿಯಲ್ಲಿ ಸುಮ್ನೆ 'ಬಟ್ಟೆ ಟೇಪ್' ಅಂದರೆ ಮೂರ್ನಾಲ್ಕು ಬಗೆ ಮುಂದಿಡುತ್ತಾರೆ. ಬೆಳ್ಳಿ ಬಣ್ಣದ ಡಕ್ಟ್ ಟೇಪ್ ಬೇಡ. ಅದರ ಮೇಲ್ಮೈ ಪ್ಲಾಸ್ಟಿಕ್, ಒಳಗೆ ತೆಳು ಜಾಲರಿ. ಕಾವಿಗೆ ಅದರ ಅಂಟು ಕರಗಿ ಜಾರುತ್ತದೆ. 'ವೈರಿಂಗ್ ಹಾರ್ನೆಸ್ ಟೇಪ್' ಎಂದೇ ಕೇಳಿ. ಅದರಲ್ಲೂ ಎರಡು ಬಗೆ. ಒಂದು ನೇಯ್ದದ್ದು, ಹತ್ತಿರದಿಂದ ನೋಡಿದರೆ ಉದ್ದ ಅಡ್ಡ ನೂಲು ಕಾಣುತ್ತದೆ. ಇನ್ನೊಂದು ನೇಯ್ಗೆ ಇಲ್ಲದ, ಉಣ್ಣೆಯ ಹಾಗೆ ಮೆತ್ತಗಿರುವ ಫ್ಲೀಸ್. ಫ್ಲೀಸ್ ಸದ್ದು ನುಂಗುತ್ತದೆ, ಕ್ಯಾಬಿನ್ ಒಳಗೆ ಅದು ಚೆನ್ನ. ಎಂಜಿನ್ ಹತ್ತಿರ, ಉಜ್ಜಾಟ ಇರುವ ಕಡೆ ನೇಯ್ದದ್ದೇ ಬೇಕು.

ರೋಲಿನ ವಿವರದಲ್ಲಿ ಮೊದಲು ನೋಡಬೇಕಾದದ್ದು ತಾಳುವ ಬಿಸಿ. ಎಂಜಿನ್ ಭಾಗಕ್ಕೆ 125 ಅಥವಾ 150 ಡಿಗ್ರಿ ಸೆಲ್ಸಿಯಸ್ ಅಂತ ಇರಲಿ. ಕೆಲವು ರೋಲಿನ ಮೇಲೆ 'ಎಲ್‌ವಿ 312' ಎಂದಿರುತ್ತದೆ. ಅದು ಜರ್ಮನಿಯ ಕಾರು ಕಂಪನಿಗಳು ಸೇರಿ ಇಂಥ ಟೇಪ್‌ಗಳಿಗೆ ಮಾಡಿಕೊಂಡ ಪರೀಕ್ಷಾ ನಿಯಮ. ಅದರಲ್ಲಿ ಸವೆತಕ್ಕೂ ಸದ್ದಿಗೂ 'ಎ'ಯಿಂದ ಮೇಲಕ್ಕೆ ದರ್ಜೆ ಕೊಡುತ್ತಾರೆ. ಅಕ್ಷರ ಮುಂದೆ ಹೋದಷ್ಟೂ ಟೇಪ್ ಜಾಸ್ತಿ ತಾಳುತ್ತದೆ. ಹೆಸರಾಂತ ಕಂಪನಿಗಳ ಪೈಕಿ ಟೆಸಾ, ಕೊರೊಪ್ಲಾಸ್ಟ್ ಇದಕ್ಕೇ ಹೆಸರು ಮಾಡಿವೆ. ನಕಲಿಯೂ ಓಡಾಡುತ್ತದೆ, ಹುಷಾರು.

ಅಗಲ 19 ಮಿಲಿಮೀಟರ್ ಇದ್ದರೆ ಮನೆ ಕೆಲಸಕ್ಕೆ ಸರಿ. ಎಷ್ಟು ಬೇಕು ಅನ್ನೋ ಲೆಕ್ಕ ಹೀಗೆ: ಬೆರಳು ದಪ್ಪದ, ಅಂದರೆ 10 ಮಿ.ಮೀ. ಕಟ್ಟಿಗೆ ಅರ್ಧ ಮೇಲೆ ಅರ್ಧ ಬರುವಂತೆ ಸುತ್ತಿದರೆ ಒಂದು ಮೀಟರ್ ವೈರಿಂಗ್‌ಗೆ ಸುಮಾರು ಮೂರೂವರೆ ಮೀಟರ್ ಟೇಪ್ ಹೋಗುತ್ತದೆ. 25 ಮೀಟರ್ ರೋಲಿನಲ್ಲಿ ಅಂಥ ಏಳು ಮೀಟರ್ ವೈರಿಂಗ್ ಮುಗಿಸಬಹುದು. ಒಂದು ಬೈಕಿಗೆ ಧಾರಾಳ.

ಮುಟ್ಟುವ ಮೊದಲು

ಕಿತ್ತಳೆ ಬಣ್ಣದ ವೈರ್ ಕಂಡರೆ ಕೈ ಹಿಂದಕ್ಕೆ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಗಾಡಿಗಳಲ್ಲಿ ಅದು ಹೈ ವೋಲ್ಟೇಜ್ ಲೈನ್. ಹಳದಿ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅದನ್ನೂ ಬಿಟ್ಟುಬಿಡಿ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳದೆ ವೈರಿಂಗ್ ಬಿಚ್ಚಬೇಡಿ.

ಎಂಜಿನ್ ತಣ್ಣಗಾಗಲಿ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರಿ ಶಾರ್ಟ್ ಆಗುತ್ತದೆ. ಮೈನಸ್ ಬಿಚ್ಚಿದ್ದರೆ ಆ ಭಯ ಇಲ್ಲ. ಮತ್ತೆ ಜೋಡಿಸುವಾಗ ಮೈನಸ್ ಕೊನೆಗೆ.

ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ಹಿಡಿಯಿರಿ. ಯಾವ ಕವಲು ಎಲ್ಲಿಂದ ಹೊರಡುತ್ತದೆ, ಯಾವ ಕ್ಲಿಪ್ ಎಲ್ಲಿದೆ, ಎಲ್ಲ ಕಾಣಲಿ.

ಹಳೆಯದನ್ನು ಕೀಳುವುದು

ಇದೇ ಬೇಜಾರಿನ ಕೆಲಸ, ಸಮಯವೂ ಇಲ್ಲೇ ಜಾಸ್ತಿ ಹೋಗುತ್ತದೆ. ಬ್ಲೇಡ್ ಹಿಡಿದು ಉದ್ದಕ್ಕೆ ಸೀಳಬೇಡಿ. ಒಳಗಿನ ವೈರಿನ ಸಿಪ್ಪೆ ಕೂದಲೆಳೆಯಷ್ಟು ಕುಯ್ದರೂ ಈಗ ಕಾಣುವುದಿಲ್ಲ, ಮಳೆಗಾಲದಲ್ಲಿ ಫ್ಯೂಸ್ ಹಾರಿದಾಗ ಗೊತ್ತಾಗುತ್ತದೆ. ತುದಿ ಹುಡುಕಿ, ಸುತ್ತಿದ ದಿಕ್ಕಿಗೆ ಎದುರಾಗಿ ಬಿಚ್ಚುತ್ತ ಬನ್ನಿ. ಕತ್ತರಿಸಲೇಬೇಕಾದರೆ ಮೊಂಡು ಮೂತಿಯ ಕತ್ತರಿ ಬಳಸಿ.

ಉಳಿದ ಅಂಟನ್ನು ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಂಡು ಒರೆಸಿ. ಗ್ಯಾರೇಜುಗಳಲ್ಲಿ ಪೆಟ್ರೋಲಿನಲ್ಲೇ ಒರೆಸುವ ರೂಢಿ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಬೆಂಕಿಯ ಅಪಾಯ ಒಂದು ಕಡೆ, ಕೆಲವು ವೈರುಗಳ ಸಿಪ್ಪೆ ಊದಿ ಮೆತ್ತಗಾಗುವುದು ಇನ್ನೊಂದು ಕಡೆ. ಒರೆಸಿದ ಮೇಲೆ ಪೂರ್ತಿ ಒಣಗಲಿ. ತೇವ, ಎಣ್ಣೆ, ಗ್ರೀಸ್ ಇದ್ದರೆ ಎಷ್ಟೇ ದುಬಾರಿ ಟೇಪ್ ಆದರೂ ಹಿಡಿಯುವುದಿಲ್ಲ.

ಈಗ ಪ್ರತಿ ವೈರನ್ನೂ ಬೆರಳ ನಡುವೆ ಎಳೆದು ನೋಡಿ. ಸಿಪ್ಪೆ ಹೋದದ್ದು, ಹಸಿರು ಕಿಲುಬು ಹಿಡಿದದ್ದು, ಇಲಿ ಕಚ್ಚಿದ್ದು ಇದ್ದರೆ ಈಗಲೇ ಸರಿ ಮಾಡಿ. ಒಂದೇ ಜಾಗದಲ್ಲಿ ಎರಡು ಮೂರು ಜಾಯಿಂಟ್ ಬೇಡ. ಹಿಂದೆ ಮುಂದೆ ಮಾಡಿ ಹಾಕಿದರೆ ಕಟ್ಟು ಗಂಟಾಗುವುದಿಲ್ಲ. ಸ್ಲೀವ್ ತುಂಡನ್ನು ಜಾಯಿಂಟ್ ಮಾಡುವ ಮೊದಲೇ ವೈರಿಗೆ ತೂರಿಸಿಕೊಳ್ಳಿ. ಇದು ಮರೆತು ಬೆಸುಗೆ ಮತ್ತೆ ಬಿಚ್ಚುವವರೇ ಬಹಳ.

ಸುತ್ತುವುದು

ವೈರುಗಳನ್ನು ಒಂದಕ್ಕೊಂದು ಹೊಸೆಯದಂತೆ ಸಮನಾಗಿ ಜೋಡಿಸಿ. ಅಂಗೈ ಅಗಲಕ್ಕೊಂದರಂತೆ ಟೇಪ್‌ನ ಚಿಕ್ಕ ತುಂಡಿನಿಂದ ಕಟ್ಟಿಕೊಂಡರೆ ಸುತ್ತುವಾಗ ಚದುರುವುದಿಲ್ಲ. ಕವಲುಗಳನ್ನು ಮೊದಲು ಸುತ್ತಿ, ಮುಖ್ಯ ಕಟ್ಟನ್ನು ಆಮೇಲೆ.

ನಿಂತಿರುವ ಅಥವಾ ಓರೆಯಾಗಿರುವ ಕಡೆ ಕೆಳಗಿನಿಂದ ಮೇಲಕ್ಕೆ ಸುತ್ತಿ. ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬರಬೇಕು, ನೀರು ಸಂದಿಗೆ ನುಗ್ಗದೆ ಜಾರಿಹೋಗುತ್ತದೆ.

ಮೊದಲ ಎರಡು ಸುತ್ತು ಒಂದೇ ಜಾಗದಲ್ಲಿ, ಒಂದರ ಮೇಲೊಂದು. ಆಮೇಲೆ ರೋಲನ್ನು ಸ್ವಲ್ಪ ಓರೆ ಹಿಡಿದು, ಹಿಂದಿನ ಸುತ್ತಿನ ಅರ್ಧ ಅಗಲ ಮುಚ್ಚುವಂತೆ ಮುಂದೆ ಸಾಗಿ. ರೋಲನ್ನು ಕಟ್ಟಿಗೆ ಹತ್ತಿರವೇ ಹಿಡಿಯಿರಿ. ಉದ್ದ ಬಿಚ್ಚಿಕೊಂಡು ಸುತ್ತಲು ಹೋದರೆ ಟೇಪ್ ತನಗೆ ತಾನೇ ಅಂಟಿಕೊಳ್ಳುತ್ತದೆ. ಎಷ್ಟು ಬಿಗಿ? ಪಿವಿಸಿ ಟೇಪ್ ರಬ್ಬರಿನ ಹಾಗೆ ಹಿಗ್ಗುತ್ತದೆ, ಇದು ಹಿಗ್ಗುವುದಿಲ್ಲ. ಆದ್ದರಿಂದ ಜಗ್ಗುವ ಅಭ್ಯಾಸ ಬಿಡಿ. ಸುಕ್ಕು ಬೀಳದಷ್ಟು ಬಿಗಿ ಇದ್ದರೆ ಸಾಕು. ಸುತ್ತಿದ ಕಟ್ಟನ್ನು ಬಗ್ಗಿಸಿದರೆ ಸಲೀಸಾಗಿ ಬಗ್ಗಬೇಕು, ಕೋಲಿನ ಹಾಗೆ ನಿಂತರೆ ಜಾಸ್ತಿ ಆಯಿತು ಅಂತ ಅರ್ಥ.

ಕವಲು ಒಡೆಯುವ ಜಾಗದಲ್ಲಿ ಮುಖ್ಯ ಕಟ್ಟನ್ನು ದಾಟಿ, ಕವಲಿನ ಬುಡಕ್ಕೆ ಒಂದು ಸುತ್ತು ಹಾಕಿ, ಮತ್ತೆ ಮುಖ್ಯ ಕಟ್ಟಿಗೆ ಬನ್ನಿ. ಎಂಟರ ಅಂಕಿ ಬರೆದ ಹಾಗೆ ಎರಡು ಸಲ. ಇಲ್ಲಿ ವೈರ್ ಇಣುಕುತ್ತಿದ್ದರೆ ಸವೆತ ಅಲ್ಲಿಂದಲೇ ಶುರು.

ಕಪ್ಲರ್‌ನ ತುಟಿವರೆಗೂ ಸುತ್ತಬೇಡಿ. ಎರಡು ಬೆರಳಿನಷ್ಟು ಬಿಡಿ, ವೈರುಗಳು ಸ್ವಲ್ಪ ಹರಡಿಕೊಳ್ಳಲು ಜಾಗ ಬೇಕು. ಇಲ್ಲದಿದ್ದರೆ ಒಳಗಿನ ಪಿನ್ ಮೇಲೆ ಎಳೆತ ಬೀಳುತ್ತದೆ.

ಬೈಕಿನಲ್ಲಿ ಎಲ್ಲಕ್ಕಿಂತ ಸೂಕ್ಷ್ಮ ಜಾಗ ಹ್ಯಾಂಡಲ್ ಬುಡ. ದಿನಕ್ಕೆ ನೂರಾರು ಸಲ ಆ ವೈರುಗಳು ಎಡಕ್ಕೆ ಬಲಕ್ಕೆ ಬಾಗುತ್ತವೆ. ಅಲ್ಲಿ ಅರ್ಧ ಮೇಲೆ ಅರ್ಧ ಸುತ್ತಿದರೆ ಕಟ್ಟು ಸೆಟೆದು, ಒಂದೇ ಬಿಂದುವಿನಲ್ಲಿ ಮಡಚಿ, ಒಳಗೆ ತಾಮ್ರದ ಎಳೆ ಒಂದೊಂದಾಗಿ ತುಂಡಾಗುತ್ತದೆ. ಮೇಲೆ ನೋಡಿದರೆ ಎಲ್ಲ ಚೆನ್ನಾಗಿಯೇ ಇರುತ್ತದೆ, ಹ್ಯಾಂಡಲ್ ಬಲಕ್ಕೆ ತಿರುಗಿಸಿದಾಗ ಮಾತ್ರ ಎಂಜಿನ್ ಆಫ್! ಅಲ್ಲಿ ಟೇಪ್ ಅನ್ನು ದೂರ ದೂರ, ನಡುವೆ ಒಂದು ಟೇಪ್ ಅಗಲದ ಖಾಲಿ ಬಿಟ್ಟು ಸುತ್ತಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ವೈರ್ ಎಲ್ಲೂ ಬಿಗಿಯಾಗದಷ್ಟು ಸಡಿಲ ಇಡಿ. ಕಾರಿನ ಬಾಗಿಲಿನ ಕೀಲಿನ ಹತ್ತಿರವೂ ಇದೇ ನಿಯಮ.

ಮುಗಿಸುವಾಗ ಮತ್ತೆ ಒಂದೇ ಜಾಗದಲ್ಲಿ ಎರಡು ಮೂರು ಸುತ್ತು. ಕೊನೆಯ ಸುತ್ತನ್ನು ಜಗ್ಗದೆ ಸುಮ್ಮನೆ ಕೂರಿಸಿ. ಗಟ್ಟಿ ನೇಯ್ಗೆಯ ಟೇಪ್ ಕೈಯಲ್ಲಿ ಹರಿಯುವುದಿಲ್ಲ, ಹರಿಯಲು ಹೋದರೆ ತುದಿಯಲ್ಲಿ ನೂಲು ಬಿಚ್ಚುತ್ತದೆ. ಕತ್ತರಿಯಿಂದ ಕತ್ತರಿಸಿ, ಮೂಲೆ ದುಂಡಗೆ ಮಾಡಿ, ಹೆಬ್ಬೆರಳಿನಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ.

ಟೇಪ್‌ನಿಂದ ಆಗದ ಕೆಲಸ

ಸೈಲೆನ್ಸರ್ ಪೈಪ್ ಪಕ್ಕ ಹಾದುಹೋಗುವ ವೈರಿಗೆ ಈ ಟೇಪ್ ಸಾಲದು. ಅಲ್ಲಿಯ ಬಿಸಿ 150 ಡಿಗ್ರಿಗಿಂತ ಎಷ್ಟೋ ಜಾಸ್ತಿ. ವೈರನ್ನೇ ದೂರ ಸರಿಸಿ, ಆಗದಿದ್ದರೆ ಗ್ಲಾಸ್ ಫೈಬರ್ ಸ್ಲೀವ್ ಹಾಕಿ. ತಗಡಿನ ರಂಧ್ರದಲ್ಲಿ ತೂರಿಹೋಗುವ ಕಡೆ ರಬ್ಬರ್ ಗ್ರಾಮೆಟ್ (ರಂಧ್ರದ ಅಂಚಿಗೆ ಕೂರುವ ಬಳೆ) ಇರಲೇಬೇಕು, ತಗಡಿನ ಅಂಚು ಯಾವ ಬಟ್ಟೆಯನ್ನೂ ಕೊಯ್ಯುತ್ತದೆ.

ಇಲಿ? ಬಟ್ಟೆ ಟೇಪ್ ಇಲಿಯನ್ನು ತಡೆಯುವುದಿಲ್ಲ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಸೇರಿಸಿದ ಟೇಪ್ ಅನ್ನು ಹೋಂಡಾ ಕಂಪನಿ ಇದಕ್ಕೆಂದೇ ಮಾರುತ್ತದೆ. ಗಾಡಿ ದಿನಗಟ್ಟಲೆ ನಿಲ್ಲುವ ಮನೆಯವರು ಅಂಥದ್ದನ್ನು ಮೇಲಿನ ಪದರವಾಗಿ ಹಾಕಬಹುದು. ಹಾಕುವಾಗ ಕೈಗವಸು ಇರಲಿ, ಕಣ್ಣು ಉಜ್ಜಿಕೊಳ್ಳಬೇಡಿ.

ಎಲ್ಲ ಮುಗಿದ ಮೇಲೆ ಕಟ್ಟನ್ನು ಮೊದಲಿದ್ದ ಕ್ಲಿಪ್‌ಗಳಿಗೇ ಕೂರಿಸಿ. ಮೈನಸ್ ಜೋಡಿಸಿ, ಕೀ ಹಾಕಿ ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್, ಹಾರ್ನ್ ಒಂದೊಂದಾಗಿ ನೋಡಿ. ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ. ಒಂದು ವಾರ ಬಿಸಿಲಲ್ಲಿ ಓಡಿಸಿದ ಮೇಲೆ ಟೇಪ್‌ನ ತುದಿಗಳನ್ನು ಮತ್ತೊಮ್ಮೆ ನೋಡಿ. ಎಲ್ಲಾದರೂ ಎದ್ದಿದ್ದರೆ ಅದನ್ನೇ ಒತ್ತಲು ಹೋಗಬೇಡಿ, ಧೂಳು ಹಿಡಿದ ಅಂಟು ಮತ್ತೆ ಕೂರುವುದಿಲ್ಲ. ಎದ್ದ ಭಾಗ ಕತ್ತರಿಸಿ, ಹೊಸ ತುಂಡಿನಿಂದ ಎರಡು ಸುತ್ತು ಹಾಕಿ.