ಜಿಟಿಒ ಮತ್ತು ಇ350: ಒಂದೇ ರಸ್ತೆಯಲ್ಲಿ ಎರಡನ್ನೂ ಓಡಿಸಿದೆ

ಮಿಶಿಗನ್‌ನ ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಒಂದು 1967ರ ಪಾಂಟಿಯಾಕ್ ಜಿಟಿಒ, ಇನ್ನೊಂದು 2021ರ ಮರ್ಸಿಡಿಸ್ ಇ350 ಸೆಡಾನ್. ಬಂದವರೆಲ್ಲ ಕೇಳೋದು ಒಂದೇ: ಯಾವುದು ಫಾಸ್ಟ್? ನನ್ನ ಪ್ರಕಾರ ಕೇಳಬೇಕಾದದ್ದು, ಯಾವುದು ಚೆನ್ನಾಗಿ ನಿಲ್ಲುತ್ತೆ ಅಂತ.

ಮೊದಲು ಎಚ್‌ಪಿ, ಅಂದರೆ ಎಂಜಿನ್ ಶಕ್ತಿಯ ವಿಚಾರ. ಜಿಟಿಒದ್ದು 400 ಕ್ಯೂಬಿಕ್ ಇಂಚಿನ, ಎಂಟು ಸಿಲಿಂಡರಿನ ವಿ8 ಎಂಜಿನ್, ಸುಮಾರು ಆರೂವರೆ ಲೀಟರ್, 335 ಎಚ್‌ಪಿ. ಸೆಡಾನಿಗೆ ಬರೀ ಎರಡು ಲೀಟರಿನ ಟರ್ಬೊ, 255 ಎಚ್‌ಪಿ. ಹಾಗಂತ ಹಳೆಯದೇ ಗೆದ್ದಿತು ಅಂದುಕೊಳ್ಳಬೇಡಿ. 1972ಕ್ಕೆ ಮುಂಚೆ ಅಮೆರಿಕದಲ್ಲಿ ಹೇಳುತ್ತಿದ್ದದ್ದು ಗ್ರಾಸ್ ಲೆಕ್ಕ. ಏರ್ ಕ್ಲೀನರ್, ಮಫ್ಲರ್ ಏನೂ ಇಲ್ಲದೆ ಎಂಜಿನ್ ಒಂದನ್ನೇ ಸ್ಟ್ಯಾಂಡಿನ ಮೇಲೆ ಓಡಿಸಿ ಅಳೆದದ್ದು. ಈಗಿನ ನೆಟ್ ಲೆಕ್ಕ ಎಂಜಿನ್ ಕಾರಿನಲ್ಲಿರುವಂತೆಯೇ ಅಳೆದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ತಪ್ಪು.

ಅದಕ್ಕೇ ಒಂದು ಭಾನುವಾರ ಬೆಳಗ್ಗೆ ವುಡ್‌ವರ್ಡ್ ಅವೆನ್ಯೂನಲ್ಲಿ ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೆ ಎರಡನ್ನೂ ಒಂದಾದ ಮೇಲೊಂದು ಓಡಿಸಿದೆ. ಎರಡು ಸಲವೂ ಊರಿಂದ ಬಂದಿದ್ದ ಅಮ್ಮ ಪಕ್ಕದಲ್ಲಿದ್ದರು.

ಸೆಡಾನ್ ಒಂದು ಗುಂಡಿ ಒತ್ತಿದರೆ ಸಾಕು. ಜಿಟಿಒಗೆ ಹೊರಡುವ ಮುಂಚೆ ಕೆಲಸ ಇತ್ತು. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಒಂದು ಪುಟ್ಟ ತಗಡಿನ ಕಿಟಕಿ ಇದೆ. ಎಂಜಿನ್ ಓಡುತ್ತಿರುವಾಗಲೇ ಅದನ್ನೆತ್ತಿ, ಕಿಡಿ ಹೊಂದಿಸುವ ಒಳಗಿನ ಸ್ಕ್ರೂಗೆ ಅಲೆನ್ ಕೀ (ಆರು ಮೂಲೆಯ ಕೀಲಿ) ತೂರಿಸಬೇಕು. ಎಂಜಿನ್ ಮುಗ್ಗರಿಸುವ ತನಕ ಬಲಕ್ಕೆ ತಿರುಗಿಸಿ, ಆಮೇಲೆ ಅರ್ಧ ಸುತ್ತು ವಾಪಸ್. ತಡವರಿಸುತ್ತಿದ್ದ ಸದ್ದು ಹದಕ್ಕೆ ಬರುತ್ತದೆ. ಆ ಗಳಿಗೆ ನನಗೆ ತುಂಬಾ ಇಷ್ಟ. ಯಾವ ಸ್ಕ್ರೀನೂ ಇಲ್ಲ, ಕಿವಿ ಕೊಟ್ಟು ಕೇಳಬೇಕು ಅಷ್ಟೇ.

ವೇಗದಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಪೆಟ್ರೋಲಿನಲ್ಲಿ ಮಾತ್ರ ಬಹಳ: ಜಿಟಿಒ ಗ್ಯಾಲನ್‌ಗೆ 11 ಮೈಲಿ, ಸೆಡಾನ್ 26. ಸೆಡಾನಿನಲ್ಲಿ ಅಮ್ಮ ಬರ್ಮಿಂಗ್‌ಹ್ಯಾಮ್ ದಾಟುವಷ್ಟರಲ್ಲಿ ನಿದ್ದೆ ಹೋಗಿದ್ದರು. ಜಿಟಿಒದಲ್ಲಿ ಕಿಟಕಿ ಇಳಿಸಿ, ಸೆರಗು ಬಿಗಿಯಾಗಿ ಹಿಡಿದು, ದಾರಿಯುದ್ದಕ್ಕೂ ಹೊರಗೆ ನೋಡುತ್ತಾ ಕೂತಿದ್ದರು. "ಮೆತ್ತಗೆ ಹೋಗೋ ಮಗಾ" ಅಂತ ಒಂದೇ ಸಲ ಅಂದರು.

ಅದು ಬ್ರೇಕ್ ಹಾಕಿದಾಗ. ಜಿಟಿಒದ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್: ಚಕ್ರದ ಜೊತೆ ತಿರುಗುವ ಡಬ್ಬಿಯಂಥ ಡ್ರಮ್ಮಿನ ಒಳಗೋಡೆಗೆ 'ಶೂ' ಅನ್ನೋ ಪಟ್ಟಿಗಳು ಒತ್ತಿ ನಿಲ್ಲಿಸುತ್ತವೆ. ಮೊದಲ ಎರಡು ಸಿಗ್ನಲ್‌ನಲ್ಲಿ ಚೆನ್ನಾಗಿಯೇ ನಿಂತಿತು. ಮೂರನೆಯದರಲ್ಲಿ ಪೆಡಲ್ ಇನ್ನೂ ಕೆಳಗೆ ಹೋಯಿತು, ಸ್ಟೀರಿಂಗ್ ಎಡಕ್ಕೆ ಎಳೆಯಿತು. ಕಾದ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಶೂ ಕೂಡ ಹಿಡಿತ ಕಳೆದುಕೊಳ್ಳುತ್ತದೆ. ಎರಡೂ ಕಡೆ ಒಂದೇ ಸಮ ಕಾಯದಿದ್ದರೆ ಹೀಗೆ ಎಳೆಯುತ್ತೆ. ಅದೇ ಸಿಗ್ನಲ್‌ನಲ್ಲಿ ಸೆಡಾನ್ ಸದ್ದಿಲ್ಲದೆ, ನೇರವಾಗಿ ನಿಂತಿತ್ತು. ಐವತ್ತು ವರ್ಷದಲ್ಲಿ ಕಾರುಗಳು ನಿಜವಾಗಿ ಮುಂದೆ ಬಂದಿರೋದು ಇಲ್ಲೇ, ಅಲ್ವಾ?

ಮನೆಗೆ ಬಂದು ನಾಲ್ಕೂ ಡ್ರಮ್ ಬಿಚ್ಚಿ, ಅಡ್ಜಸ್ಟರ್‌ನ ಹಲ್ಲುಚಕ್ರ ತಿರುಗಿಸಿ ಶೂಗಳನ್ನು ಸಮ ಮಾಡಿದೆ. ಈಗ ಎಳೆಯುವುದಿಲ್ಲ. ಆದರೂ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಲು ನನಗೆ ಅಷ್ಟು ಸಾಲದು. 1967ರಲ್ಲೇ ಜಾಸ್ತಿ ಹಣ ಕೊಟ್ಟರೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ (ತೆರೆದ ತಟ್ಟೆಯನ್ನು ಎರಡೂ ಬದಿಯಿಂದ ಹಿಡಿಯುವ, ಕಾವು ಬೇಗ ಬಿಡುವ ಬ್ರೇಕ್) ಸಿಗುತ್ತಿತ್ತು. ನನ್ನ ಕಾರನ್ನು ಮೊದಲು ಕೊಂಡವರು ಹಾಕಿಸಿರಲಿಲ್ಲ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಸುರಿಯುತ್ತಾರೆ, ಜಿಟಿಒ ಹೊರಗೆ ಬರುವುದಿಲ್ಲ. ಡಿಸ್ಕ್ ಕಿಟ್ ತಂದು ಗ್ಯಾರೇಜಿನಲ್ಲಿ ಇಟ್ಟಿದ್ದೇನೆ. ಮೊದಲ ಹಿಮ ಬಿದ್ದ ವಾರ ಮುಂದಿನ ಎರಡು ಚಕ್ರ ಬಿಚ್ಚುತ್ತೇನೆ.