ವನ್ಯಜೀವಿ ಛಾಯಾಗ್ರಹಣಕ್ಕೆ ಟೆಲಿಫೋಟೊ ಜೂಮ್ ಲೆನ್ಸ್ ಆರಿಸುವುದು ಹೇಗೆ?

ಕಾಡುಪ್ರಾಣಿಗಳ, ಹಕ್ಕಿಗಳ ಚಿತ್ರ ತೆಗೆಯಲೆಂದು ಲೆನ್ಸ್ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ‘400 ಮಿ.ಮೀ. ಸಾಕೇ, 600 ಬೇಕೇ?’ ಎಂಬುದು. ಇದಕ್ಕೆ ಉತ್ತರ ನೀವು ಈಗಾಗಲೇ ತೆಗೆದಿರುವ ಚಿತ್ರಗಳಲ್ಲೇ ಇದೆ. ಪ್ರತಿ ಡಿಜಿಟಲ್ ಚಿತ್ರದ ಜೊತೆಗೂ ಅದನ್ನು ತೆಗೆದ ಫೋಕಲ್ ಲೆಂತ್ (ಲೆನ್ಸ್ ದೂರದ್ದನ್ನು ಎಷ್ಟು ದೊಡ್ಡದಾಗಿ ತೋರುತ್ತದೆ ಎಂಬುದನ್ನು ಮಿ.ಮೀ.ನಲ್ಲಿ ಹೇಳುವ ಅಳತೆ), ಅಪರ್ಚರ್ (ಬೆಳಕು ಒಳಬರುವ ಕಿಂಡಿ), ಶಟರ್ ಸ್ಪೀಡ್ ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ; ಹೆಚ್ಚಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) ದಾಖಲಾಗಿರುತ್ತವೆ. ಚೆನ್ನಾಗಿ ಬರಬೇಕಿತ್ತು, ಆದರೆ ಬರಲಿಲ್ಲ ಎಂದು ನಿಮಗೆ ಬೇಸರ ತಂದ ನೂರು ಚಿತ್ರಗಳನ್ನು ತೆರೆದು, ಅವು ಯಾವ ಕಾರಣಕ್ಕೆ ಕೆಟ್ಟವು ಎಂದು ಒಂದೊಂದಾಗಿ ಬರೆದುಕೊಳ್ಳಿ. ಪ್ರಾಣಿ ತೀರಾ ಚಿಕ್ಕದಾಗಿ ಕಂಡಿದ್ದರೆ ನಿಮಗೆ ಬೇಕಿರುವುದು ಉದ್ದದ ಲೆನ್ಸ್. ಮುಂಜಾನೆ, ಮುಸ್ಸಂಜೆಯ ಚಿತ್ರಗಳೇ ಹೆಚ್ಚಾಗಿ ಮಸುಕಾಗಿದ್ದರೆ ಕೊರತೆ ಬೆಳಕಿನದು, ಅದಕ್ಕೆ ದೊಡ್ಡ ಅಪರ್ಚರ್ ಬೇಕು. ಕ್ಯಾಮೆರಾ ಎತ್ತುವಷ್ಟರಲ್ಲಿ ಹಕ್ಕಿ ಹಾರಿಹೋದದ್ದೇ ಹೆಚ್ಚಾಗಿದ್ದರೆ ಹಗುರವಾದ, ಬೇಗ ಫೋಕಸ್ ಮಾಡುವ ಲೆನ್ಸಿನತ್ತ ನೋಡಬೇಕು. ಈ ಮೂರೂ ಗುಣಗಳು ಒಂದೇ ಜೂಮ್ ಲೆನ್ಸಿನಲ್ಲಿ ಪೂರ್ಣವಾಗಿ ಸಿಗುವುದಿಲ್ಲವಾದ್ದರಿಂದ, ನಿಮ್ಮ ಪಾಲಿಗೆ ಯಾವುದು ಮುಖ್ಯ ಎಂಬುದನ್ನು ಮೊದಲೇ ಗಟ್ಟಿಮಾಡಿಕೊಳ್ಳಿ.

ದೂರದ ಲೆಕ್ಕ

ಫೋಕಲ್ ಲೆಂತ್ ಎಷ್ಟು ಬೇಕೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಪ್ರಾಣಿ ಇರುವ ದೂರವನ್ನು ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಅಗಲದಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ, ಆ ದೂರದಲ್ಲಿ ಎಷ್ಟು ಅಗಲದ ಜಾಗ ಚಿತ್ರದಲ್ಲಿ ಹಿಡಿಯುತ್ತದೆ ಎಂಬುದು ತಿಳಿಯುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ., ಎತ್ತರ 24 ಮಿ.ಮೀ. ಹಾಗಾಗಿ 30 ಮೀಟರ್ ದೂರದಲ್ಲಿ 600 ಮಿ.ಮೀ. ಲೆನ್ಸ್ 1.8 ಮೀಟರ್ ಅಗಲದ ಜಾಗವನ್ನು ಹಿಡಿದರೆ, 400 ಮಿ.ಮೀ. ಲೆನ್ಸ್ 2.7 ಮೀಟರ್ ಹಿಡಿಯುತ್ತದೆ. ಅಲ್ಲೊಂದು ಜಿಂಕೆ ನಿಂತಿದ್ದರೆ ಎರಡರಲ್ಲೂ ಒಳ್ಳೆಯ ಚಿತ್ರ ಸಾಧ್ಯ. ಅದೇ ಜಾಗದಲ್ಲಿ ಸುಮಾರು 16 ಸೆಂ.ಮೀ. ಉದ್ದದ ಮಿಂಚುಳ್ಳಿ ಕುಳಿತಿದ್ದರೆ, 600 ಮಿ.ಮೀ. ಲೆನ್ಸಿನಲ್ಲೂ ಅದು ಚಿತ್ರದ ಅಗಲದ ಹನ್ನೊಂದರಲ್ಲಿ ಒಂದು ಭಾಗವಷ್ಟೇ ಆಗುತ್ತದೆ. ಅದು ಮೂರನೇ ಒಂದು ಭಾಗವನ್ನಾದರೂ ತುಂಬಬೇಕೆಂದರೆ ನಿಮ್ಮಿಂದ 8 ಮೀಟರ್ ದೂರದಲ್ಲಿರಬೇಕು. ಚಿಕ್ಕ ಹಕ್ಕಿಗಳನ್ನು ತೆಗೆಯುವವರಿಗೆ ಎಷ್ಟು ಉದ್ದದ ಲೆನ್ಸೂ ಸಾಲದು ಅನಿಸುವುದು ಇದೇ ಕಾರಣಕ್ಕೆ. ಅವರು ಹಣ ಕೂಡಿಸುವುದರ ಜೊತೆಗೆ, ಮರೆಯಲ್ಲಿ ಅಲುಗದೆ ಕುಳಿತು ಹಕ್ಕಿ ತಾನಾಗಿ ಹತ್ತಿರ ಬರುವವರೆಗೆ ಕಾಯುವುದನ್ನೂ ಕಲಿಯಬೇಕಾಗುತ್ತದೆ.

ಲೆನ್ಸಿನ ಗಿಡ್ಡ ತುದಿಯ ಬಗ್ಗೆ ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. 3 ಮೀಟರ್ ಎತ್ತರದ ಆನೆ 20 ಮೀಟರ್ ದೂರದಲ್ಲಿ ದಾರಿಗೆ ಬಂದು ನಿಂತಾಗ, 200–600 ಲೆನ್ಸಿನ 200 ಮಿ.ಮೀ. ತುದಿಯಲ್ಲೂ ಹಿಡಿಯುವ ಎತ್ತರ 2.4 ಮೀಟರ್ ಮಾತ್ರ. ತಲೆಯೋ ಕಾಲೋ ಕತ್ತರಿಸಿಹೋಗುವುದು ಖಂಡಿತ. 100–400 ಲೆನ್ಸಾದರೆ ಆನೆಯ ಜೊತೆಗೆ ಅದರ ಸುತ್ತಲಿನ ಕಾಡೂ ಚಿತ್ರದೊಳಗೆ ಬರುತ್ತದೆ. ದೊಡ್ಡ ಪ್ರಾಣಿಗಳೇ ನಿಮ್ಮ ಆಸಕ್ತಿಯಾಗಿದ್ದರೆ 100–400 ಅಥವಾ 100–500ರ ಲೆನ್ಸುಗಳೇ ಸರಿಯಾದ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ ಆಗಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಕ್ಯಾಮೆರಾಗಳ ಕ್ರಾಪ್ ಸೆನ್ಸರಿನಲ್ಲಿ 400 ಮಿ.ಮೀ. ಲೆನ್ಸಿನ ನೋಟ ಫುಲ್ ಫ್ರೇಮಿನ 600 ಮಿ.ಮೀ.ಗೂ, ಕ್ಯಾನನ್‌ನಲ್ಲಿ 640 ಮಿ.ಮೀ.ಗೂ ಸಮನಾಗುತ್ತದೆ. ಇನ್ನೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿನಲ್ಲಿ 300 ಮಿ.ಮೀ. ಲೆನ್ಸೇ 600ರಷ್ಟು ನೋಟ ಕೊಡುತ್ತದೆ.

ಬೆಳಕು ಮತ್ತು ಗಾಜಿನ ಗಾತ್ರ

ಪ್ರಾಣಿಗಳು ಚುರುಕಾಗಿ ಓಡಾಡುವುದು ಬೆಳಕು ಕಡಿಮೆಯಿರುವ ಹೊತ್ತಿನಲ್ಲಿ, ಆದ್ದರಿಂದ ಅಪರ್ಚರಿನ ಮಾತು ಬರಿಯ ತಾಂತ್ರಿಕ ವಿವರವಾಗಿ ಉಳಿಯುವುದಿಲ್ಲ. ಮುಂಜಾನೆ ಮರದ ನೆರಳಿನಲ್ಲಿ ನಡೆಯುತ್ತಿರುವ ಪ್ರಾಣಿಯನ್ನು ಸ್ಪಷ್ಟವಾಗಿ ಹಿಡಿಯಲು ಸೆಕೆಂಡಿನ 500ನೇ ಒಂದು ಭಾಗದ ಶಟರ್ ಸ್ಪೀಡ್ ಬೇಕೆಂದುಕೊಳ್ಳೋಣ. ಎಫ್ 6.3 ಲೆನ್ಸಿನಲ್ಲಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು) ಅದಕ್ಕೆ ಐಎಸ್‌ಒ 6400 ಬೇಕಾಗುವ ಬೆಳಕಿನಲ್ಲಿ, ಎಫ್ 4 ಲೆನ್ಸಿಗೆ ಸುಮಾರು 2500 ಸಾಕು, ಎಫ್ 2.8 ಲೆನ್ಸಿಗೆ 1250 ಸಾಕು. ತುಪ್ಪಳದ ಒಂದೊಂದು ಕೂದಲೂ ಬಿಡಿಬಿಡಿಯಾಗಿ ಕಾಣುವುದಕ್ಕೂ ಎಲ್ಲವೂ ಕಲಸಿದಂತೆ ಕಾಣುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಹುಟ್ಟುತ್ತದೆ.

ಹಾಗಿದ್ದರೆ ಎಲ್ಲ ಲೆನ್ಸುಗಳನ್ನೂ ಎಫ್ 4ರಲ್ಲೇ ಏಕೆ ತಯಾರಿಸುವುದಿಲ್ಲ? ಫೋಕಲ್ ಲೆಂತ್ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ, ಬೆಳಕು ಒಳಬರಲು ಬೇಕಾದ ಕಿಂಡಿಯ ವ್ಯಾಸ ಸಿಗುತ್ತದೆ. 600 ಮಿ.ಮೀ.ಗೆ ಎಫ್ 6.3 ಆದರೆ ಅದು ಸುಮಾರು 95 ಮಿ.ಮೀ., ಎಫ್ 4 ಆದರೆ 150 ಮಿ.ಮೀ. ಮುಂಭಾಗದ ಗಾಜು ಕನಿಷ್ಠ ಅಷ್ಟಾದರೂ ಅಗಲವಿರಬೇಕಾಗುತ್ತದೆ. 600 ಮಿ.ಮೀ. ಎಫ್ 4 ಲೆನ್ಸುಗಳ ತೂಕ 3 ಕಿಲೋ ದಾಟುವುದೂ, ಬೆಲೆ ಹಲವು ಪಟ್ಟು ಏರುವುದೂ ಈ ಗಾಜಿನ ಕಾರಣದಿಂದಲೇ. ಎಫ್ 5.6ಕ್ಕೂ 6.3ಕ್ಕೂ ಇರುವ ಅಂತರ ಒಂದು ಸ್ಟಾಪಿನ (ಬೆಳಕು ಅರ್ಧವಾಗುವ ಅಥವಾ ದುಪ್ಪಟ್ಟಾಗುವ ಒಂದು ಹೆಜ್ಜೆ) ಮೂರನೇ ಒಂದು ಭಾಗ ಮಾತ್ರ; ಅಷ್ಟಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಲೆನ್ಸಿಗೂ ಕ್ಯಾಮೆರಾಗೂ ನಡುವೆ ಜೋಡಿಸಿ ಫೋಕಲ್ ಲೆಂತ್ ಹೆಚ್ಚಿಸುವ ಟೆಲಿಕನ್ವರ್ಟರ್ ನಂಬಿ ಚಿಕ್ಕ ಲೆನ್ಸ್ ಕೊಳ್ಳುವ ಮುನ್ನವೂ ಈ ಲೆಕ್ಕ ಹಾಕಿ ನೋಡಿ: 1.4 ಪಟ್ಟಿನದು ಒಂದು ಸ್ಟಾಪ್ ಬೆಳಕನ್ನು ನುಂಗುತ್ತದೆ, 2 ಪಟ್ಟಿನದು ಎರಡು ಸ್ಟಾಪ್ ನುಂಗುತ್ತದೆ. ಎಫ್ 6.3ರ ಲೆನ್ಸ್ 1.4 ಪಟ್ಟಿನ ಕನ್ವರ್ಟರ್ ಹಾಕಿದೊಡನೆ ಎಫ್ 9 ಆಗುತ್ತದೆ, ಮಂದ ಬೆಳಕಿನಲ್ಲಿ ಫೋಕಸ್ ತಡವರಿಸತೊಡಗುತ್ತದೆ.

ಸ್ಟೆಬಿಲೈಸೇಷನ್ ಬಗ್ಗೆ ಇರುವ ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಿಬಿಡಬೇಕು. ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು. ಹಾರುವ ಹಕ್ಕಿಯ ರೆಕ್ಕೆಯನ್ನು ಅದು ನಿಲ್ಲಿಸಲಾರದು, ಅದಕ್ಕೆ ಸೆಕೆಂಡಿನ 2000ನೇ ಒಂದು ಭಾಗ ಅಥವಾ ಇನ್ನೂ ವೇಗದ ಶಟರ್ ಬೇಕೇ ಬೇಕು.

ಕೈಯಲ್ಲಿ ಹಿಡಿದು ನೋಡುವುದು

ಮಾಹಿತಿಪತ್ರದಲ್ಲಿ 2 ಕಿಲೋ ಎಂದು ಓದುವುದೇ ಬೇರೆ, ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುವುದೇ ಬೇರೆ. ಸೋನಿಯ 200–600 ಲೆನ್ಸ್ 2,115 ಗ್ರಾಂ ಇದೆ, ನಿಕಾನ್‌ನ ಹಳೆಯ 200–500 ಸುಮಾರು 2,300 ಗ್ರಾಂ, ಕ್ಯಾನನ್‌ನ ಆರ್‌ಎಫ್ 100–500 ಟ್ರೈಪಾಡಿಗೆ ಜೋಡಿಸುವ ಕಾಲರ್ ಇಲ್ಲದೆ 1,400 ಗ್ರಾಂಗೂ ಕಡಿಮೆ. ಕೊಳ್ಳುವ ಮೊದಲು ನಿಮ್ಮದೇ ಕ್ಯಾಮೆರಾಗೆ ಲೆನ್ಸ್ ಜೋಡಿಸಿ, ಕಣ್ಣಿಗಿಟ್ಟುಕೊಂಡು, ನಿಧಾನವಾಗಿ ಅರವತ್ತರವರೆಗೆ ಎಣಿಸಿ. ನಲವತ್ತು ದಾಟುವಷ್ಟರಲ್ಲಿ ಎಡ ಮುಂಗೈ ನಡುಗಲು ಶುರುವಾದರೆ, ಮಾನೋಪಾಡ್ (ಒಂಟಿ ಕಾಲಿನ ಆಸರೆ) ಅಥವಾ ಬೀನ್ ಬ್ಯಾಗ್ (ಲೆನ್ಸಿಗೆ ಆಸರೆಯಾಗುವ ಕಾಳಿನ ಚೀಲ) ಇಲ್ಲದೆ ಆ ಲೆನ್ಸ್ ನಿಮಗೆ ಒಗ್ಗುವುದಿಲ್ಲ. ನಂತರ ಹಿಡಿತ ಬದಲಿಸದೆ ಜೂಮ್ ರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡಿ. ಸೋನಿಯ ಆ ಲೆನ್ಸಿನಲ್ಲಿ ಇದು ಸುಮಾರು 70 ಡಿಗ್ರಿ ತಿರುವಿನಲ್ಲಿ ಮುಗಿಯುತ್ತದೆ, ಜೂಮ್ ಮಾಡಿದಾಗ ಲೆನ್ಸಿನ ಉದ್ದ ಬದಲಾಗದಿರುವುದರಿಂದ ತೂಕದ ಸಮತೋಲವೂ ಕದಲುವುದಿಲ್ಲ. ಹೊರಗೆ ಚಾಚುವ ಲೆನ್ಸುಗಳು ಚೀಲದಲ್ಲಿ ಚಿಕ್ಕದಾಗಿ ಕೂರುತ್ತವೆ, ಆದರೆ ಚಾಚಿದಾಗ ಮೂತಿ ಭಾರವಾಗುತ್ತದೆ.

ಬದಿಯಲ್ಲಿ ಫೋಕಸ್ ಲಿಮಿಟರ್ ಸ್ವಿಚ್ ಇದೆಯೇ ಎಂದೂ ಗಮನಿಸಿ. ಜೊಂಡಿನ ಹಿಂದೆ ಕುಳಿತ ಕೊಕ್ಕರೆಯತ್ತ ಗುರಿಯಿಟ್ಟಾಗ ಫೋಕಸ್ ಒಮ್ಮೆ ಹತ್ತಿರದ ಎಲೆಗೆ ಸಿಕ್ಕಿಕೊಂಡರೆ, ಅದು ಹಿಂದಕ್ಕೂ ಮುಂದಕ್ಕೂ ಹುಡುಕಾಡಿ ಮರಳುವಷ್ಟರಲ್ಲಿ ಕೊಕ್ಕರೆ ಇರುವುದಿಲ್ಲ. ಈ ಸ್ವಿಚ್ ಹತ್ತಿರದ ದೂರಗಳನ್ನು ಹುಡುಕಾಟದಿಂದಲೇ ಹೊರಗಿಡುತ್ತದೆ. ಬೇರೆ ಕಂಪನಿಯ ಲೆನ್ಸ್ ಕೊಳ್ಳುವುದಾದರೆ ನಿಮ್ಮ ಕ್ಯಾಮೆರಾದ ಪೂರ್ಣ ವೇಗ ಅದರೊಂದಿಗೆ ಸಿಗುತ್ತದೆಯೇ ಎಂದು ವಿಚಾರಿಸಿ. ಸೋನಿ ಕ್ಯಾಮೆರಾಗಳಲ್ಲಿ ಹೊರಗಿನ ಲೆನ್ಸುಗಳಿಗೆ ಸೆಕೆಂಡಿಗೆ 15 ಚಿತ್ರಗಳ ಮಿತಿ ಇದೆ.

ಕೊನೆಯ ಪರೀಕ್ಷೆಯನ್ನು ತಂಪು ಹೊತ್ತಿನಲ್ಲೇ ಮಾಡಿ. ಬಿಸಿಲೇರಿದ ಮೇಲೆ ನೆಲದಿಂದೇಳುವ ಕಾವಿಗೆ ಗಾಳಿ ಅಲೆಯಾಡುವುದರಿಂದ, ದೂರದ ವಸ್ತುಗಳು ಎಂಥ ಒಳ್ಳೆಯ ಲೆನ್ಸಿನಲ್ಲೂ ಕದಡಿದಂತೆ ಕಾಣುತ್ತವೆ, ಆ ತಪ್ಪನ್ನು ಲೆನ್ಸಿನ ತಲೆಗೆ ಕಟ್ಟಬಾರದು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, 10–15 ಮೀಟರ್ ದೂರದ ಮರದ ತೊಗಟೆಯನ್ನು ಅತಿ ಉದ್ದದ ತುದಿಯಲ್ಲಿ, ಅಪರ್ಚರ್ ಪೂರ್ತಿ ತೆರೆದು ಹತ್ತು ಬಾರಿ ತೆಗೆಯಿರಿ; ಪ್ರತಿ ಸಲವೂ ಫೋಕಸನ್ನು ಕೆಡಿಸಿ ಮತ್ತೆ ಹಿಡಿಸಿ. ಹತ್ತರಲ್ಲಿ ಎಷ್ಟು ಸ್ಪಷ್ಟವಾಗಿ ಬಂದಿವೆ ಎಂಬುದನ್ನೂ, ಎಡ ಅಂಚು ಮತ್ತು ಬಲ ಅಂಚು ಒಂದೇ ಸಮನಾಗಿ ಕಾಣುತ್ತವೆಯೇ ಎಂಬುದನ್ನೂ ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ. ಒಂದು ಬದಿ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿ ಕೂತಿರುವ ಸಾಧ್ಯತೆ ಹೆಚ್ಚು, ಅಂಥದ್ದನ್ನು ಬದಲಿಸಿಕೊಳ್ಳಿ. ಬಳಸಿದ ಲೆನ್ಸಾದರೆ ಹಿಂದಿನಿಂದ ಟಾರ್ಚ್ ಬೆಳಕು ಹಾಯಿಸಿ ಮುಂದಿನಿಂದ ಇಣುಕಿ ನೋಡಿ. ಒಂದೆರಡು ಧೂಳಿನ ಕಣಗಳಿಂದ ಚಿತ್ರಕ್ಕೆ ತೊಂದರೆಯಿಲ್ಲ, ಆದರೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಬೆಲೆ ಎಷ್ಟೇ ಇಳಿಸಿದರೂ ಆ ಲೆನ್ಸನ್ನು ಕೊಳ್ಳಬೇಡಿ.