ಬೆಂಡಿಲ್ಲದ ಗಾಲಿ, ಆದರೂ ಕಡ್ಡಿಗಳ ಬಿಗಿ ಏರುಪೇರು

ಸೈಕಲ್ಲಿನ 32 ಕಡ್ಡಿಗಳ ಹಿಂದಿನ ಗಾಲಿ. ರಿಮ್ ನೇರವಾಗಿಯೇ ತಿರುಗುತ್ತಿತ್ತು, ಆದರೆ ಗೇರ್ ಬದಿಯ ಕಡ್ಡಿಗಳನ್ನು ಮೀಟಿದರೆ ಒಂದೊಂದಕ್ಕೂ ಬೇರೆ ಸ್ವರ. ಅತಿ ಬಿಗಿಯಾದ ಒಂದು, ಸಡಿಲವಾದ ಇನ್ನೊಂದು ಸೇರಿ ರಿಮ್ಮನ್ನು ನೇರ ಹಿಡಿದಿದ್ದವು. ಓಡುತ್ತಾ ಸಡಿಲ ಕಡ್ಡಿಯ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ಬಿಚ್ಚಿಕೊಳ್ಳುತ್ತದೆ, ಬೆಂಡು ಮರಳುತ್ತದೆ.

ಎಲ್ಲ ನಿಪ್ಪಲ್‌ಗಳನ್ನೂ ಥ್ರೆಡ್ಡಿನ ಅಂಚಷ್ಟೇ ಕಾಣುವಂತೆ ಸಡಿಲಿಸಿ, ಎಣ್ಣೆ ಬಿಟ್ಟು, ವಾಲ್ವ್ ತೂತಿನಿಂದ ಶುರುಮಾಡಿ ಸಮನಾಗಿ ಅರ್ಧರ್ಧ ಸುತ್ತು, ಬಿಗಿ ಹತ್ತಿದ ಮೇಲೆ ಕಾಲು ಸುತ್ತು ತಿರುಗಿಸಿದೆ. ರಿಮ್ ಬಲಕ್ಕೆ ವಾಲಿದ ಕಡೆ ಮೊದಲು ಬಲಬದಿಯ ಅತಿ ಬಿಗಿಯಾದದ್ದನ್ನು ಸಡಿಲಿಸಬೇಕು. ಅಂಥದ್ದು ಇಲ್ಲದಿದ್ದರೆ ಮಾತ್ರ ಎಡಬದಿಯ ಸಡಿಲಾದದ್ದನ್ನು ಬಿಗಿ ಮಾಡಬೇಕು. ನಿಪ್ಪಲ್ ತಿರುಗಿಸುವ ಕೀಯನ್ನು ಸ್ವಲ್ಪ ಹೆಚ್ಚೇ ತಿರುಗಿಸಿ ಹಿಂದಕ್ಕೆ ತನ್ನಿ, ಇಲ್ಲವಾದರೆ ಕಡ್ಡಿಯೇ ತಿರುಚಿಕೊಂಡು ಮೋಸ ಮಾಡುತ್ತದೆ. ಕೊನೆಗೆ ಕಡ್ಡಿಗಳನ್ನು ಜೋಡಿಯಾಗಿ ಬಲವಾಗಿ ಹಿಂಡಿ, ಮತ್ತೆ ಮೀಟಿ ನೋಡಿ. ಗೇರ್ ಇಲ್ಲದ ಎಡಬದಿಯ ಸ್ವರ ತಗ್ಗಿರುವುದು ಸಹಜ. ಹೋಲಿಕೆ ಒಂದೇ ಬದಿಯೊಳಗೆ ಇರಲಿ. ಬಿಗಿ ಸಮವಾದರೂ ಒಂದೇ ಜಾಗ ಹೊರಳಿದರೆ ರಿಮ್ಮೇ ಬಾಗಿದೆ.